ಜೋಗದ ತುಂತುರಿನ ಹುಲ್ಲು: ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್‌ನ ಕಣ್ಮರೆ ಮತ್ತು ಮರುಶೋಧ

ಪಶ್ಚಿಮಘಟ್ಟದ ಸಸ್ಯಶೋಧದ ಚರಿತ್ರೆಯಲ್ಲಿ ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್ ಎಂಬ ಹುಲ್ಲಿನದು ವಿಶಿಷ್ಟ ಪ್ರಕರಣ. 1919ರಲ್ಲಿ ಜೋಗದಲ್ಲಿ ಸಿಕ್ಕ ಈ ಹುಲ್ಲು ಮುಂದೆ ಅಳಿದುಹೋಯಿತೆಂದೇ ದಾಖಲಾಗಿ, 83 ವರ್ಷಗಳ ಬಳಿಕ ಬೇರೊಂದು ಕಣಿವೆಯಲ್ಲಿ ಕಾಣಿಸಿಕೊಂಡಿತು.

ಇದನ್ನು ಮೊದಲು ಸಂಗ್ರಹಿಸಿದವರು ಎಲ್. ಜೆ. ಸೆಜ್‌ವಿಕ್ ಮತ್ತು ಟಿ. ಆರ್. ಡಿ. ಬೆಲ್. ಸೆಜ್‌ವಿಕ್ ಇಂಡಿಯನ್ ಸಿವಿಲ್ ಸರ್ವಿಸ್‌ನ ಅಧಿಕಾರಿ. ಅರಣ್ಯಾಧಿಕಾರಿಯಾಗಿದ್ದ ಬೆಲ್ ಚಿಟ್ಟೆಗಳ ಅಧ್ಯಯನಕ್ಕೂ ಹೆಸರಾಗಿ, ನಿವೃತ್ತಿಯ ನಂತರ ಕಾರವಾರದಲ್ಲೇ ನೆಲೆಸಿ 1948ರಲ್ಲಿ ಅಲ್ಲಿಯೇ ತೀರಿಕೊಂಡವರು. ಹುಲ್ಲು ಸಿಕ್ಕ ಕಾಲಕ್ಕೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಶರಾವತಿಯ ಆಚೆ ದಡ ಮೈಸೂರು ಸಂಸ್ಥಾನದ್ದಾಗಿತ್ತು. ಇಂದು ಕನ್ನಡಿಗರೆಲ್ಲ ತಮ್ಮದೆನ್ನುವ ಜಲಪಾತದ ಈ ಸಸ್ಯ, ಸಸ್ಯಶಾಸ್ತ್ರದ ದಾಖಲೆಗಳಲ್ಲಿ ಜೋಗದ ಇನ್ನೊಂದು ಹೆಸರಾದ ಗೇರುಸೊಪ್ಪೆ ಜಲಪಾತದ ಹೆಸರಿನಲ್ಲಿ ಉಳಿಯಿತು.

ಒಣಗಿಸಿ ಹಾಳೆಗೆ ಅಂಟಿಸಿದ ಸಸ್ಯಗಳನ್ನು ಕಾಪಿಡುವ ಸಂಗ್ರಹವನ್ನು ಹರ್ಬೇರಿಯಂ ಎನ್ನುತ್ತಾರೆ. ಅಂಥ ಸಂಗ್ರಹಗಳಲ್ಲಿ ಹಲವು ಮಾದರಿಗಳು ದಶಕಗಟ್ಟಲೆ ಹೆಸರಿಲ್ಲದೆ ಉಳಿಯುವುದುಂಟು. ಹಾಗೆ ಉಳಿದಿದ್ದ ಜೋಗದ ಹುಲ್ಲಿಗೆ 1951ರಲ್ಲಿ, ಭಾರತೀಯ ಅರಣ್ಯ ಸೇವೆಯಲ್ಲಿದ್ದು ಮುಂದೆ ಲಂಡನ್ನಿನ ಕ್ಯೂ ಸಸ್ಯೋದ್ಯಾನ ಸೇರಿದ ಎನ್. ಎಲ್. ಬೋರ್ ಹೆಸರಿಟ್ಟರು. ಅದಕ್ಕೆ ಹೊಂದುವ ಕುಲ ಯಾವುದೂ ಇಲ್ಲದ್ದರಿಂದ ಹುಲ್ಲುಗಳ ತಜ್ಞ ಸಿ. ಇ. ಹಬ್ಬರ್ಡ್ ಅವರ ಹೆಸರಿನಲ್ಲಿ ಹೊಸ ಕುಲವನ್ನೇ ಸೃಷ್ಟಿಸಬೇಕಾಯಿತು. ಪ್ರಭೇದದ ಹೆಸರು ಏಳು ನರಗಳನ್ನು, ಅಂದರೆ ಕಿರುತೆನೆಯ ತೆಳು ಹೊಟ್ಟಿನ ಮೇಲೆ ಕಾಣುವ ಗೆರೆಗಳನ್ನು, ಸೂಚಿಸುತ್ತದೆ.

1919 ಮತ್ತು 1951ರ ನಡುವೆ ಶರಾವತಿಯೇ ಬದಲಾಗಿತ್ತೆಂಬುದನ್ನು ಗಮನಿಸಬೇಕು. ಆಗ ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ ನಡೆಯುತ್ತಿದ್ದ ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಗಿತ್ತು. ಹುಲ್ಲಿಗೆ ಹೆಸರು ಬರುವ ಮೊದಲೇ ನದಿಗೆ ಕಟ್ಟೆ ಬಿದ್ದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ 253 ಮೀಟರ್ ಎತ್ತರದಿಂದ ಬೀಳುವ ಧಾರೆ ಮಳೆಗಾಲದ ಕೆಲವು ವಾರಗಳನ್ನು ಬಿಟ್ಟರೆ ಸೊರಗಿತು. ಶರಾವತಿಯ ವಿದ್ಯುತ್ತು ಬೆಂಗಳೂರಿನ ಕೈಗಾರಿಕೆಗಳಿಗೆ ಆಧಾರವಾಯಿತು. ಆ ಉಪಕಾರ ದೊಡ್ಡದು. ಆದರೆ ಬೀಳುವ ನೀರು ಸಿಡಿದು ಬಂಡೆಯನ್ನು ಸದಾ ತೊಯ್ಯಿಸುವ ತುಂತುರು ವಲಯವೇ ಕುಗ್ಗಿದಾಗ, ಆ ತೇವವನ್ನೇ ನಂಬಿದ ನಾಜೂಕಾದ ಹುಲ್ಲು ಉಳಿದಿರಲಾರದೆಂದು ಸಸ್ಯಶಾಸ್ತ್ರಜ್ಞರು ತೀರ್ಮಾನಿಸಿದರು.

ತೀರ್ಮಾನ ತರ್ಕಬದ್ಧವಾಗಿದ್ದರೂ ಅದು ನಿಂತಿದ್ದು ಒಂದೇ ನೆಲೆಯ ಮೇಲೆ. 2002ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಸಂಗಡಿಗರು ಮಹಾರಾಷ್ಟ್ರದ ತಿಲಾರಿ ಘಾಟಿನಲ್ಲಿ ಇದೇ ಹುಲ್ಲನ್ನು ಪತ್ತೆಹಚ್ಚಿದರು. ಮುಂದೆ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಅದನ್ನು ಬೆಳೆಸಿ, ಸಸಿಗಳನ್ನು ಹೊಂದಿಕೆಯಾಗುವ ಕಾಡುನೆಲೆಗಳಲ್ಲಿ ಮತ್ತೆ ನೆಡಲಾಯಿತು. ಹೀಗೆ ಪ್ರಭೇದ ಉಳಿಯಿತು. ಆದರೆ ಅದಕ್ಕೆ ಶಾಸ್ತ್ರದಲ್ಲಿ ಸ್ಥಾನ ದೊರಕಿಸಿದ ಜೋಗದ ನೆಲೆ ಇದರಿಂದ ಮರಳಿ ಬಂದಂತಾಗಲಿಲ್ಲ. ಮರುಶೋಧದ ಸಂಭ್ರಮದಲ್ಲಿ ಈ ಎರಡನ್ನು ಒಂದೇ ಎಂದು ಎಣಿಸುವುದು ಸರಿಯಲ್ಲ.

ಹೀಗೆ ಕಣ್ಮರೆಯಾಗಿ ಮತ್ತೆ ಸಿಕ್ಕಿದ್ದು ಈ ಹುಲ್ಲೊಂದೇ ಅಲ್ಲ. ಹಿಪ್ಪೆಯ ಕುಲಕ್ಕೆ ಸೇರಿದ ಮಧೂಕಾ ಇನ್ಸಿಗ್ನಿಸ್ ಎಂಬ ಹೊಳೆಯಂಚಿನ ಮರವೂ, ಪ್ರಭೇದಗಳ ಅಳಿವಿನ ಸ್ಥಿತಿಯನ್ನು ದಾಖಲಿಸುವ 1998ರ ಕೆಂಪುಪಟ್ಟಿಯಲ್ಲಿ ಅಳಿದ ಪ್ರಭೇದವೆಂದು ಸೇರಿದ್ದು, ನಂತರ ಕುಮಾರಧಾರಾ ನದಿಯ ದಡದಲ್ಲಿಯೂ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿಯೂ ದೊರೆಯಿತು. ಎರಡೂ ಹರಿವ ನೀರಿನ ಅಂಚಿನ ಸಸ್ಯಗಳು. ಅಲ್ಲಿನ ಹುಡುಕಾಟ ಸಾಲದೆಂಬುದಕ್ಕೆ ಇವೇ ಸಾಕ್ಷಿ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಕೆಳಗಿನ ನೀರನ್ನು ಮೇಲೆತ್ತಿ ಮತ್ತೆ ಹರಿಸಿ ವಿದ್ಯುತ್ ತೆಗೆಯುವ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದಿರುವಾಗ, ಶರಾವತಿ ಕಣಿವೆಯ ನೀರು ಜಿನುಗುವ ಬಂಡೆಗಳನ್ನು ಮಳೆಗಾಲದಲ್ಲೇ, ಹುಲ್ಲು ತೆನೆಬಿಡುವ ಹೊತ್ತಿನಲ್ಲಿ, ಒಂದೊಂದಾಗಿ ಶೋಧಿಸುವ ಕೆಲಸ ಯೋಜನೆಯ ತೀರ್ಮಾನಕ್ಕಿಂತ ಮೊದಲೇ ಆಗಬೇಕು.