ದತ್ತಸಂಚಯ ನಿಧಾನವಾದಾಗ: ಹೊಸ ಸರ್ವರ್ ಕೊಳ್ಳುವ ಮುನ್ನ

ದಾಖಲೆಗಳು ಸಾವಿರಗಳ ಲೆಕ್ಕದಲ್ಲಿದ್ದಾಗ ಕ್ಷಣಾರ್ಧದಲ್ಲಿ ಉತ್ತರಿಸುತ್ತಿದ್ದ ದತ್ತಸಂಚಯವು, ಅವು ಲಕ್ಷಗಳನ್ನು ದಾಟಿ ಕೋಟಿಯತ್ತ ಸಾಗಿದಂತೆ ತಡವರಿಸತೊಡಗುತ್ತದೆ. ಡೇಟಾಬೇಸ್ ಎಂದೇ ರೂಢಿಯಲ್ಲಿರುವ ಈ ವ್ಯವಸ್ಥೆ ಆಸ್ಪತ್ರೆಯದಿರಲಿ, ಸಹಕಾರಿ ಬ್ಯಾಂಕಿನದಿರಲಿ, ಪರಿಣಾಮ ಒಂದೇ: ಕೌಂಟರಿನ ಮುಂದೆ ಬೆಳೆಯುವ ಸರದಿ ಸಾಲು. ಆಗ ಮೊದಲು ಕೇಳಿಬರುವ ಸಲಹೆ ಹೊಸ ಸರ್ವರ್ ಖರೀದಿ. ರೋಗವೇನೆಂದು ತಿಳಿಯದೆ ಔಷಧಿ ಕೊಳ್ಳುವ ಈ ಕ್ರಮದಿಂದ ಹಣವೇನೋ ವ್ಯಯವಾಗುತ್ತದೆ. ದತ್ತಾಂಶ ಮತ್ತಷ್ಟು ಬೆಳೆದೊಡನೆ ಹಳೆಯ ತೊಂದರೆ ಮರಳುವ ಸಂಭವವೇ ಹೆಚ್ಚು.

ವೇಗ ಕುಸಿದ ಬಗೆಯೇ ಮೊದಲ ಸುಳಿವು. ದಾಖಲೆಗಳು ಹೆಚ್ಚಿದ ಪ್ರಮಾಣದಲ್ಲೇ ವಿಳಂಬವೂ ಹೆಚ್ಚುತ್ತಿದ್ದರೆ, ಪ್ರತಿ ಪ್ರಶ್ನೆಗೂ ಇಡೀ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದಲಾಗುತ್ತಿದೆ ಎಂದು ಶಂಕಿಸಬೇಕು. ಎರಡು ಕೋಷ್ಟಕಗಳನ್ನು ಹೀಗೆ ಸಾಲು ಸಾಲಾಗಿ ಹೊಂದಿಸಿ ನೋಡುವ ಕಡೆ ಎರಡೂ ಹತ್ತು ಪಟ್ಟು ಬೆಳೆದರೆ ಶ್ರಮ ನೂರು ಪಟ್ಟಾಗುತ್ತದೆ.

ಇದಕ್ಕೆ ಪರಿಹಾರ ಇಂಡೆಕ್ಸ್ ಎಂಬ ಸೂಚಿ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ 1972ರಲ್ಲಿ ಪ್ರಕಟಿಸಿದ ಬಿ-ಟ್ರೀ ರಚನೆಯೇ ಇಂದಿಗೂ ಬಹುತೇಕ ಸೂಚಿಗಳ ಆಧಾರ. ಪ್ರತಿ ಪುಟಕ್ಕೆ 300 ಕವಲುಗಳಿದ್ದರೆ ಮೂರೇ ಮಟ್ಟಗಳಲ್ಲಿ 2 ಕೋಟಿ 70 ಲಕ್ಷ ದಾಖಲೆಗಳನ್ನು ತಲುಪಬಹುದು. ಆದರೆ ಸೂಚಿ ಇದ್ದಮಾತ್ರಕ್ಕೆ ಅದು ಬಳಕೆಯಾಗುತ್ತಿದೆ ಎನ್ನಲಾಗದು. ದೂರವಾಣಿ ಡೈರೆಕ್ಟರಿಯಲ್ಲಿ ‘ಕುಮಾರ್’ ಎಂದು ಆರಂಭವಾಗುವ ಹೆಸರನ್ನು ಹುಡುಕುವುದು ಸುಲಭ. ‘ಕುಮಾರ್’ ಎಂದು ಮುಗಿಯುವ ಹೆಸರುಗಳಿಗಾಗಿ ಇಡೀ ಪುಸ್ತಕವನ್ನೇ ತಿರುವಬೇಕು. ಗಣಕದ ಪಾಡೂ ಇದೇ.

ತಪಾಸಣೆ ಎಲ್ಲಿಂದ ಆರಂಭಿಸಬೇಕು? ದತ್ತಸಂಚಯಕ್ಕೆ ಹೋಗುವ ಪ್ರಶ್ನೆಗಳನ್ನು ಕ್ವೆರಿಗಳೆನ್ನುತ್ತಾರೆ. ನಿಧಾನವಾದ ಕ್ವೆರಿಗಳನ್ನು ದಾಖಲಿಸುವ ‘ಸ್ಲೋ ಕ್ವೆರಿ ಲಾಗ್’ ಸೌಲಭ್ಯ ಮೈಎಸ್‌ಕ್ಯೂಎಲ್‌ನಲ್ಲಿದೆ. ಅದನ್ನು ನಾವೇ ಚಾಲೂ ಮಾಡಬೇಕು. ಅಲ್ಲದೆ ಅದರ ಮೂಲ ಮಿತಿ 10 ಸೆಕೆಂಡುಗಳಿರುವುದರಿಂದ ಒಂದು ಸೆಕೆಂಡಿಗೋ ಇನ್ನೂ ಕಡಿಮೆಗೋ ಇಳಿಸಬೇಕು. ಇಲ್ಲಿ ಅನೇಕರು ಅತಿ ನಿಧಾನದ ಕ್ವೆರಿಯ ಬೆನ್ನು ಹತ್ತುತ್ತಾರೆ. ಲೆಕ್ಕ ಹಾಕಬೇಕಾದುದು ಒಟ್ಟು ಕಾಲವನ್ನು. ದಿನಕ್ಕೊಮ್ಮೆ 10 ನಿಮಿಷ ಓಡುವ ವರದಿ 600 ಸೆಕೆಂಡು ನುಂಗಿದರೆ, ಕೇವಲ 50 ಮಿಲಿಸೆಕೆಂಡಿನ ಕ್ವೆರಿ ದಿನಕ್ಕೆ ಲಕ್ಷ ಬಾರಿ ಓಡಿ 5,000 ಸೆಕೆಂಡು ನುಂಗುತ್ತದೆ.

ತಪ್ಪಿತಸ್ಥ ಕ್ವೆರಿ ಸಿಕ್ಕ ಮೇಲೆ ಅದರ ಮುಂದೆ ‘ಎಕ್ಸ್‌ಪ್ಲೇನ್’ ಎಂಬ ಆದೇಶ ಸೇರಿಸಿದರೆ, ತಂತ್ರಾಂಶವು ಉತ್ತರ ಹುಡುಕಲು ಹಾಕಿಕೊಂಡ ಯೋಜನೆ ತೆರೆದುಕೊಳ್ಳುತ್ತದೆ. ‘ಎಕ್ಸ್‌ಪ್ಲೇನ್ ಅನಲೈಜ್’ ಎಂದರೆ ಕ್ವೆರಿ ನಿಜವಾಗಿಯೂ ಓಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸುವ ಆದೇಶದೊಂದಿಗೆ ಇದನ್ನು ಬಳಸಿದರೆ ದಾಖಲೆಗಳು ಅಳಿದೇ ಹೋಗುತ್ತವೆ, ಎಚ್ಚರ. ಅಂದಾಜಿಸಿದ ಸಾಲುಗಳಿಗೂ ವಾಸ್ತವವಾಗಿ ಸಿಕ್ಕ ಸಾಲುಗಳಿಗೂ ಅಜಗಜಾಂತರವಿದ್ದರೆ, ಅಂಕಿಅಂಶಗಳು ಹಳತಾಗಿ ಯೋಜನೆಯೇ ದಾರಿ ತಪ್ಪಿರುವ ಸಾಧ್ಯತೆ ಹೆಚ್ಚು.

ನಿನ್ನೆಯವರೆಗೆ ಚೆನ್ನಾಗಿದ್ದುದು ದಿಢೀರನೆ ಕುಸಿದರೆ ಸ್ಮೃತಿಯತ್ತ ನೋಡಬೇಕು. ಪದೇ ಪದೇ ಬೇಕಾಗುವ ದತ್ತಾಂಶ ರ್‍ಯಾಮ್‌ನಲ್ಲಿ ಹಿಡಿಸದೆ ಹೋದಾಗ ಹಾರ್ಡ್‌ಡಿಸ್ಕಿಗೆ ಅಲೆದಾಟ ಆರಂಭವಾಗುತ್ತದೆ. ರ್‍ಯಾಮ್ ಓದಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡು ಬೇಕು. ಅಂತರ ಲಕ್ಷ ಪಟ್ಟು. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ, ಪೋಸ್ಟ್‌ಗ್ರೆಸ್ ಎರಡೂ ತಮ್ಮ ಬಳಕೆಗೆ ಮೀಸಲಿಡುವ ಸ್ಮೃತಿ ಮೂಲತಃ 128 ಎಂಬಿ ಮಾತ್ರ. 64 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲೂ ಈ ಸಂಖ್ಯೆಯನ್ನು ಮುಟ್ಟದೇ ಬಿಟ್ಟಿದ್ದರೆ ಹೊಸ ಸರ್ವರ್ ಮಾಡುವುದಾದರೂ ಏನನ್ನು?

ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೊಂದು ವಿಶೇಷವಿದೆ. ಅಳಿಸಿದ ಅಥವಾ ತಿದ್ದಿದ ಸಾಲಿನ ಹಳೆಯ ಪ್ರತಿ ಕೂಡಲೇ ತೊಲಗುವುದಿಲ್ಲ. ಸ್ವಯಂಚಾಲಿತ ಶುದ್ಧೀಕರಣವು ಮೂಲ ವ್ಯವಸ್ಥೆಯಂತೆ ಇಂಥ ಸಾಲುಗಳು ಶೇ. 20ರಷ್ಟಾದ ಮೇಲಷ್ಟೇ ಆರಂಭವಾಗುತ್ತದೆ. ಅಂದರೆ 10 ಕೋಟಿ ಸಾಲುಗಳ ಕೋಷ್ಟಕದಲ್ಲಿ ಸುಮಾರು 2 ಕೋಟಿ ಸತ್ತ ಸಾಲುಗಳು! ದೊಡ್ಡ ಕೋಷ್ಟಕಗಳಿಗೆ ಈ ಪ್ರಮಾಣವನ್ನು ಪ್ರತ್ಯೇಕವಾಗಿ ತಗ್ಗಿಸಬಹುದು.

ಹಾಗೆಂದು ಕಂಡಕಂಡ ಅಂಕಣಕ್ಕೆಲ್ಲ ಸೂಚಿ ಕಟ್ಟುವುದೂ ಸಲ್ಲದು. ಹೊಸ ದಾಖಲೆ ಸೇರಿದಾಗಲೆಲ್ಲ ಸೂಚಿಗಳೂ ಪರಿಷ್ಕೃತವಾಗಬೇಕಾದ್ದರಿಂದ ಬರೆಯುವ ವೇಗ ತಗ್ಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಸೂಚಿ ಕಟ್ಟುವಾಗ ಆ ಕೋಷ್ಟಕಕ್ಕೆ ಬರೆಯುವುದು ಪೂರ್ತಿ ನಿಲ್ಲುತ್ತದೆ. ಹಗಲಿನ ವ್ಯವಹಾರದ ನಡುವೆ ಆ ಕೆಲಸ ಅನಿವಾರ್ಯವಾದರೆ ‘ಕನ್ಕರೆಂಟ್ಲಿ’ ಎಂಬ ಪದವನ್ನು ಆದೇಶಕ್ಕೆ ಸೇರಿಸಬೇಕು. ಕಟ್ಟಲು ಹೆಚ್ಚು ಹೊತ್ತು ಹಿಡಿದರೂ ಕೌಂಟರ್ ನಿಲ್ಲುವುದಿಲ್ಲ.