ಅಕ್ಕ ತಮ್ಮನ ಕೈಗೆ ಊರಿನ ಇತಿಹಾಸ

ಕನ್ನಡದಲ್ಲಿ ಮಕ್ಕಳಿಗೆಂದು ಬಂದ ಇತಿಹಾಸದ ಪುಸ್ತಕಗಳು ಹೆಚ್ಚಾಗಿ ವ್ಯಕ್ತಿಗಳ ಬೆನ್ನು ಹತ್ತಿವೆ. ಊರುಗಳ ಕಡೆ ಅವು ತಿರುಗಿದ್ದು ಕಡಿಮೆ. ಶುರುವಿನಲ್ಲಿ ಹಾಗೇನೂ ಇರಲಿಲ್ಲ. ಪಂಜೆ ಮಂಗೇಶರಾಯರು ತುಳುನಾಡಿನ ಕೋಟಿ ಚೆನ್ನಯರ ಕತೆಯನ್ನು ಜನಪದ ಹಾಡಾದ ಪಾಡ್ದನದಿಂದ ಗದ್ಯಕ್ಕೆ ತಂದಾಗ ಅವಳಿ ಅಣ್ಣತಮ್ಮಂದಿರ ಜೊತೆಗೆ ಅವರ ನೆಲವೂ ಪುಟಗಳೊಳಗೆ ಬಂತು. 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲ ಪ್ರಪಂಚ’ ಕೊಟ್ಟರು. ಜಗತ್ತನ್ನೇ ಮಕ್ಕಳೆದುರು ಹರಡುವ ಅಂಥ ಸಾಹಸವನ್ನು ನಿರಂಜನರ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳಲ್ಲಿ ಮುಂದುವರಿಸಿತು.

ಅಷ್ಟರಲ್ಲಿ ಮಹಾಪುರುಷರ ಕಾಲ ಬಂದಿತ್ತು. 1967ರಲ್ಲಿ ಅನಂತ ಪೈ ಅವರ ‘ಅಮರ ಚಿತ್ರ ಕಥೆ’, ಎಪ್ಪತ್ತರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ಯ 510 ಕಿರುಹೊತ್ತಿಗೆಗಳು. ಎಲ್.ಎಸ್. ಶೇಷಗಿರಿರಾಯರು ಸಂಪಾದಿಸಿದ ಆ ಮಾಲೆ ಅಗ್ಗದ ಬೆಲೆಗೆ ಮನೆಮನೆ ತಲುಪಿತು, ಅದರ ಉಪಕಾರ ದೊಡ್ಡದು. ಆದರೆ ಓದುವ ಮಗುವಿನ ಓಣಿ, ಕೆರೆ, ಸ್ಟೇಷನ್ನು ಅದರಲ್ಲಿ ಸಿಗುತ್ತಿರಲಿಲ್ಲ. ಪ್ರಥಮ್ ಬುಕ್ಸ್, ತೂಲಿಕಾದಂಥ ಪ್ರಕಾಶನಗಳಿಂದ ಚಿತ್ರಪುಸ್ತಕದ ಕಲೆ ಬೆಳೆದಿದೆ. ಅಕ್ಕ ತಮ್ಮನಂಥ ಸಾಮಾನ್ಯ ಮಕ್ಕಳು ಕತೆಯೊಳಗೆ ಬಂದಿದ್ದಾರೆ, ಊರಿನ ಇತಿಹಾಸ ಇನ್ನೂ ಬರಬೇಕು.

ಮಹಾರಾಷ್ಟ್ರದ ಸೊಲ್ಲಾಪುರದ ಬಳಿಯ ಹೋಟಗಿಯಲ್ಲಿ ನಿಂತರೆ ಈ ಕೊರತೆ ಎದ್ದು ಕಾಣುತ್ತದೆ. ಇಲ್ಲಿನ ಕನ್ನಡ ಶಾಲೆಯ ಮಕ್ಕಳು ಓದುವುದು ಆ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಕನ್ನಡ ಪುಸ್ತಕ. ನಾಲ್ಕನೇ ಇಯತ್ತೆಯಲ್ಲಿ ಶಿವಛತ್ರಪತಿಯ ಚರಿತ್ರೆ, ಅದು ಇರಲೇಬೇಕಾದದ್ದು. ಆದರೆ ಊರಿನ ಸ್ಟೇಷನ್ನೇ ಒಂದು ಪಾಠವಲ್ಲವೆ? 1876–78ರ ಭೀಕರ ಬರದ ನಂತರ ಅನ್ನ ಸಾಗಿಸಲು ದಾರಿ ಬೇಕೆಂದು ಹಾಕಿದ ಬರಗಾಲದ ಹಳಿಗಳಲ್ಲಿ ಹೋಟಗಿ–ಗದಗ ಮಾರ್ಗವೂ ಒಂದು. ಅದಕ್ಕಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು, 1884ರಲ್ಲಿ ಗಾಡಿ ಓಡಿತು. ಮುಂಬಯಿಯ ದೊಡ್ಡ ಹಳಿ ಒಂದು ಕಡೆ, ವಿಜಯಪುರದ ಕಡೆಗೆ ಹೊರಳುತ್ತಿದ್ದ ಮೀಟರ್ ಗೇಜ್ ಇನ್ನೊಂದು ಕಡೆ: ಆ ಕಾಲದ ಎರಡು ಅಳತೆಯ ಹಳಿಗಳ ನಡುವೆ ನಿಂತು ‘ಯಾಕಕ್ಕಾ ಹಿಂಗ?’ ಎಂದು ಕೇಳುವ ತಮ್ಮನನ್ನು ಚಿತ್ರಕಾರ ಬರೆದರೆ ಸಾಕು, ಬರ, ವ್ಯಾಪಾರ, ಆಳ್ವಿಕೆ ಎಲ್ಲವನ್ನೂ ಅಕ್ಕ ಹೇಳಿಯಾಳು.

ಸೊಲ್ಲಾಪುರಕ್ಕೆ ಹೋದರೆ ಸಿದ್ಧರಾಮನ ಕೆರೆ, ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ 68 ಲಿಂಗಗಳನ್ನು ಸುತ್ತುವ ಏಳು ನಂದಿಧ್ವಜಗಳು. ಸ್ವಾತಂತ್ರ್ಯ ಹೋರಾಟದಲ್ಲಿ 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರ ಕತೆ ಬೇರೆ. ಭೀಮಾ–ಸೀನಾ ಕೂಡುವ ಹತ್ತರಸಂಗ ಕೂಡಲದ ಗುಡಿಗಳೂ ದೂರವಿಲ್ಲ.

ಊರಿನ ಇತಿಹಾಸವನ್ನು ಮಕ್ಕಳ ಪುಸ್ತಕವಾಗಿಸುವುದನ್ನು ಬೇರೆ ಕಡೆ ಮಾಡಿ ತೋರಿಸಿದ್ದಾರೆ. ಆಸ್ಟ್ರೇಲಿಯಾದ ನಾಡಿಯಾ ವೀಟ್ಲಿ, ಡೋನಾ ರಾಲಿನ್ಸ್ ಅವರ ‘ಮೈ ಪ್ಲೇಸ್’ ಒಂದೇ ಜಾಗದಲ್ಲಿ ನಿಂತು 1988ರಿಂದ 1788ರವರೆಗೆ ಹತ್ತು ಹತ್ತು ವರ್ಷ ಹಿಂದೆ ಸರಿಯುತ್ತದೆ. ಪ್ರತಿ ಹೆಜ್ಜೆಗೂ ಅಲ್ಲೇ ಬಾಳಿದ ಒಂದು ಮಗು ಮಾತಾಡುತ್ತದೆ, ತನ್ನ ನಕ್ಷೆ ತಾನೇ ಬರೆಯುತ್ತದೆ. ಹೋಟಗಿಯ ಪುಸ್ತಕಕ್ಕೂ ಇಂಥ ನಕ್ಷೆ ಬೇಕು. ಅದನ್ನು ಇಲ್ಲಿನ ಕನ್ನಡ ಶಾಲೆಯ ಮಕ್ಕಳೇ ಬರೆಯಲಿ. ಅಚ್ಚಿನ ಖರ್ಚನ್ನು ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರಲಿ, ಭಾಷೆ ಮಾತ್ರ ಬೆಂಗಳೂರಿನದಾಗದೆ ಇಲ್ಲಿನದೇ ಇರಲಿ.