ಶಿಷ್ಯನಾಗೋಕೆ ಎಷ್ಟು ಖರ್ಚು? 1844ರ ಮಂಗಳೂರಿನ ಕಥೆ

ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ತನ್ನ ಹಿಂದೆ ಬರುವವರಿಗೆ ಒಂದು ಉದಾಹರಣೆ ಕೊಡ್ತಾರೆ. ಗೋಪುರ ಕಟ್ಟೋನು ಮೊದಲು ಕೂತು ಖರ್ಚು ಲೆಕ್ಕ ಹಾಕ್ತಾನೆ ಅಂತ. ಬಿ.ಕಾಂ ಓದಿದ ನನಗೆ ಈ ಮಾತು ಹಿಡಿಸುತ್ತೆ. ಆದ್ರೆ ನಮ್ಮ ಕರಾವಳಿಯ ಮೊದಲ ಪ್ರೊಟೆಸ್ಟೆಂಟ್ ಕ್ರೈಸ್ತರಿಗೆ ಎಸ್ಟಿಮೇಟ್ ಕೊಡೋರು ಯಾರಿದ್ರು?

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷ ಕಳೆದು, 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತಗೊಂಡರು. ಸಾರಸ್ವತ ಬ್ರಾಹ್ಮಣ ಕುಟುಂಬ. ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಮದುವೆ ಆಗಿತ್ತು. 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದ ಹೆರ್ಮನ್ ಮೋಗ್ಲಿಂಗ್ ಅವರ ಗುರು. ಗುರುವಿನ ಹೆಸರನ್ನೇ ಮುಂದಿಟ್ಟುಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದರು.

ಆಗಿನ ಕಾಲಕ್ಕೆ ಜಾತಿ ಬಿಟ್ಟವನಿಗೆ ಮನೆಯ ಆಸ್ತಿಯಲ್ಲಿ ಪಾಲು ಕೇಳೋ ಹಕ್ಕೂ ಹೋಗ್ತಿತ್ತು. ಆ ಹಕ್ಕು ಉಳಿಸಿದ ಜಾತಿ ಅನರ್ಹತೆ ನಿವಾರಣಾ ಕಾಯ್ದೆ ಬಂದದ್ದು 1850ರಲ್ಲಿ, ಅಂದ್ರೆ ಆರು ವರ್ಷ ತಡವಾಗಿ. ಹಾಗೊಂದು ಕಾನೂನು ಬರುತ್ತೆ ಅಂತ ನಂಬ್ಕೊಂಡು ಅವರು ನೀರಿಗೆ ಇಳಿದಿರಲಿಲ್ಲ.

ಹೆಂಡತಿ ಜೊತೆಗೆ ಬರಲಿಲ್ಲ. ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿದರು, ಪಾದ್ರಿಯಾಗಿ ವಾಪಸ್ ಬಂದರು, ಬಲ್ಮಠದ ಸೆಮಿನರಿಯಲ್ಲಿ ಪಾಠ ಮಾಡಿದರು, ಮುಂದೆ ಒಬ್ಬ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಅವರ ತ್ಯಾಗದ ಬಗ್ಗೆ ಎಲ್ಲರೂ ಬರೀತಾರೆ. ನನಗೆ ಕಾಡೋದು ಆ ಮೊದಲ ಹೆಂಡತಿ. ಅವಳು ಯಾರ ಶಿಷ್ಯೆಯೂ ಆಗಲಿಲ್ಲ, ಆದ್ರೂ ಸಂಸಾರ ಅವಳದ್ದೂ ಮುರೀತು. ಇಂಥ ಮದುವೆಗಳ ಬಿಡುಗಡೆಗೆ ಸರ್ಕಾರ ಕಾಯ್ದೆ ಮಾಡಿದ್ದು 1866ರಲ್ಲಿ. (ತಮಾಷೆ ಅಂದ್ರೆ ಎರಡೂ ಆಯಾ ವರ್ಷದ 21ನೇ ಕಾಯ್ದೆಗಳೇ.)

ಕೌಂಡಿನ್ಯರಿಗಾದ್ರೂ ಓದು ಇತ್ತು. ಕರಾವಳಿಯಲ್ಲಿ ಮತಾಂತರ ಆದವರಲ್ಲಿ ಬಹಳಷ್ಟು ಜನ ಬಿಲ್ಲವರು. ಶೇಂದಿ ಇಳಿಸೋ ಕಸುಬು ಮಿಷನ್ನಿನವರಿಗೆ ಒಪ್ಪಿಗೆ ಇರಲಿಲ್ಲ. ಗೇಣಿ ಭೂಮಿ ಧಣಿಗಳ ಕೈಯಲ್ಲಿತ್ತು, ಅದನ್ನೂ ಬಿಡಬೇಕಾಗಿ ಬಂದವರಿದ್ರು. ಭಾನುವಾರ ದೇವರ ಮನೆ ಸರಿ, ಸೋಮವಾರ ಗಂಜಿಗೆ ಏನು ಮಾಡೋದು?

ಮಿಷನ್ ನೇಯ್ಗೆ ಶಾಲೆ ತೆರೆದದ್ದು, ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಈ ಹಿನ್ನೆಲೆಯಲ್ಲೇ. ಮಂಗಳೂರು ಹಂಚು ಅಂದ ಕೂಡಲೇ ನಮಗೆ ನೇತ್ರಾವತಿಯ ಜೇಡಿಮಣ್ಣು ನೆನಪಾಗುತ್ತೆ. ಕಸುಬು ಕಳಕೊಂಡವರ ಕೂಲಿಯೂ ಅದರಲ್ಲಿ ಸೇರಿದೆ.

ಆದ್ರೆ ಕೆಲಸ ಕೊಟ್ಟ ತಕ್ಷಣ ಇನ್ನೊಂದು ತಲೆನೋವು. ಇವನು ಬಂದದ್ದು ಕ್ರಿಸ್ತನಿಗಾಗಿಯೋ, ಸಂಬಳಕ್ಕಾಗಿಯೋ? ಊರವರೂ ಕೇಳಿದರು, ಪಾದ್ರಿಗಳೂ ಕೇಳಿದರು. ನನ್ನ ಪ್ರಕಾರ ಅದು ಹೊಟ್ಟೆ ತುಂಬಿದವರ ಪ್ರಶ್ನೆ. ಇದ್ದದ್ದೆಲ್ಲ ಬಿಟ್ಟು ಬಂದವನು ದೇವರನ್ನೂ ಅನ್ನವನ್ನೂ ಒಟ್ಟಿಗೆ ಕೇಳಿದ್ರೆ ತಪ್ಪೇನು?

ಆ ಸಂಬಳವೂ ಗಟ್ಟಿಯಾಗಿರಲಿಲ್ಲ. 1914ರಲ್ಲಿ ಮಹಾಯುದ್ಧ ಶುರುವಾಯ್ತು. ಮಿಷನ್ನಿನ ಜರ್ಮನ್ನರು ರಾತ್ರೋರಾತ್ರಿ ಶತ್ರು ದೇಶದವರಾದರು, ಬಂಧನಕ್ಕೂ ಒಳಗಾದರು. ಕಾರ್ಖಾನೆಗಳು ಕೊನೆಗೆ ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಜೆಪ್ಪುವಿನ ಕೆಲಸದವರು ಅದೇ ಮಣ್ಣು ಕಲಸ್ತಾ ಹೊಸ ಮಾಲೀಕರ ಹಾಜರಿ ಪುಸ್ತಕಕ್ಕೆ ಸೇರಿದರು.